ನಂಬರ್ ಇಲ್ಲದ ಬಕ್ಕಲ್

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಮಾಣಿಕಪ್ಪನ ಪಕ್ಕ ಕೂತಿದ್ದ ಮುದುಕಿ ಶೇವಂತಾಬಾಯಿ ಸೆರಗಿನ ಗಂಟು ಬಿಚ್ಚಿ, ಬೆಲ್ಟಿನ ಹಿತ್ತಾಳೆಯ ಬಕ್ಕಲ್ಲೊಂದನ್ನು ಸತೀಶಕುಮಾರ ಮಾಸ್ತರರ ಕೈಗಿಟ್ಟಳು. ಹಳೆಯ ಫೌಜಿನ ಸಾಮಾನು ಗುರುತಿಸುವುದರಲ್ಲಿ ಮಾಸ್ತರರು ಹೆಸರಾದವರು.

“ಎಲ್ಲಿ ಸಿಕ್ತು ಯವ್ವಾ?”

“ಕಲ್ಯಾಣ ಕಿಲ್ಲೇದ ಕಂದಕದಾಗ್ರಿ. ನಮ್ಮಣ್ಣ ಮಣ್ಣು ಅಗಿಯುವಾಗ ಎಲುಬಿನ ಸಂಗಾಟ ಸಿಕ್ತು. ನಮ್ಮಪ್ಪ ನಿಜಾಮನ ಫೌಜಿನಾಗಿದ್ದ. ನಾ ಹೊಟ್ಟ್ಯಾಗಿದ್ದಾಗ ಹೋದಾಂವ ತಿರುಗಿ ಬರಲಿಲ್ಲ.”

“ಬಕ್ಕಲ್ ನಿಜಾಮನ ಫೌಜಿಂದ ಖರೆ. ಹಿಂದ ಸಿಪಾಯಿ ನಂಬರ್ ಹೊಡೆದಿರ್ತಾರ. ಅಪ್ಪನ ನಂಬರ್ ಗೊತ್ತದೇನು?”

“ಅಂವ ಕಳಿಸಿದ ಕಾಗದದಾಗ ಅದರಿ. ತಂದೇನಿ.”

ಮಾಸ್ತರರು ಹೊರಳಿಸಿ ನೋಡಿದರು. “ಇಷ್ಟು ನುಣ್ಣಗ ಹ್ಯಾಂಗಾತು?”

“ಹಿರೇರಂತ ದೇವರ ಜಗಲಿ ಮ್ಯಾಲಿಟ್ಟು ಎಡಿ ಹಿಡದು, ದಸರಾಕ್ಕೊಮ್ಮೆ ಹುಣಸಿಹಣ್ಣು, ಇಟ್ಟಂಗಿ ಪುಡಿ ಹಚ್ಚಿ ತಿಕ್ಕೇನ್ರಿ. ನಲವತ್ತು ವರ್ಷಾತು.”

“ಹಿಂದನೂ ತಿಕ್ಕಿದೇನು?”

“ಹಿಂದ ಏನೋ ಗೀಚಿದಂಗಿತ್ತು. ಕೊಳಿ ಅಂತ ಅಲ್ಲೇ ಜಾಸ್ತಿ ತಿಕ್ಕೀನಿ.”

“ಮೊದಲ ಯಾರಿಗರ ತೋರಸಬಾರದಾ?”

“ಯಾರಿಗೆ ತೋರಸ್ಲಿ, ಪೊಲೀಸರಿಗಾ? ನಮ್ಮಪ್ಪಂದು ಹೌದೋ ಅಲ್ಲೋ, ಅಷ್ಟು ಹೇಳ್ರಿ.”

“ಇನ್ನ ಯಾರಿಗೂ ಹೇಳಾಕ ಬರಂಗಿಲ್ಲ ಯವ್ವಾ.”

ಕಾಗದದಲ್ಲಿದ್ದ ನಂಬರನ್ನೇ ಬಕ್ಕಲ್ಲಿನದೆಂದು ಸುಳ್ಳೇ ಓದಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಮಾಣಿಕಪ್ಪನಿಗೆ ಮಾಸ್ತರರ ಮೇಲೆ ಸಿಟ್ಟು ಬಂತು.

ಹಳ್ಳಿಖೇಡದ ಬಸ್ಸು ಬಂತು. ಮುದುಕಿ ಮೆಟ್ಟಿಲ ಮೇಲೆ ಕಾಲಿಟ್ಟು ಹೊರಳಿ ನೋಡಿ ಕೇಳಿದಳು.

“ಮತ್ತ ನಾ ಇಷ್ಟು ವರ್ಷ ಎಡಿ ಹಿಡದದ್ದು ಯಾರಿಗ್ರಿ?”