ತಾರಸಿ ಮೇಲಿನ ಮಳೆ ಮೆಷಿನ್ನು

ಉಲ್ಲಾಳು ಉಪನಗರದ ಟೈಲರ್ ಅಂಗಡಿಯಲ್ಲಿ ನನ್ನ ಪ್ಯಾಂಟಿನ ಜಿಪ್ಪಿಗಾಗಿ ಕಾಯುತ್ತಾ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರಿದ್ದರು. ಹಿರಿಯರು ಮುನಿತಾಯಮ್ಮ, ಕಿರಿಯವಳು ಅವರ ಕೆಳಬೀದಿಯ ಲತಾ ಎಂದು ಮಾತಿನಿಂದಲೇ ತಿಳಿಯಿತು.

"ಹೋದ್ ವಾರ ಮನೆಯೊಳಗೆ ಮಂಡಿವರೆಗೂ ನೀರು ಆಂಟಿ. ಮೊಬೈಲ್ ನೋಡಿದ್ರೆ, ನಿಮ್ ಏರಿಯಾದಲ್ಲಿ ಮಳೆ ಇಲ್ಲ ಅಂತ ಮೆಸೇಜು!"

"ಆ ವಿಜ್ಞಾನಿಗಳ ಹಣೆಬರಹನೇ ಅಷ್ಟು ಕಣೇ. ಮಳೆ ಅಳೆಯೋ ಮೆಷಿನ್ನು ನಮ್ ತಾರಸಿ ಮೇಲೇ ಇಟ್ಟವ್ರೆ."

"ಅದನ್ ನೋಡ್ಕೊಂಡೇ ನಮಗೆ ಮೆಸೇಜ್ ಕಳ್ಸೋದಾ?"

"ಹೂಂ. ಅವತ್ತು ಒಂದ್ ಹನೀನೂ ಬಿದ್ದಿಲ್ಲ ಅಂತಂತೆ. ಮೊನ್ನೆ ಇಬ್ರು ಬಂದು, ಇದು ಕೆಟ್ಟೋಗೈತೆ ಅಂತ ಬೇರೇದು ಇಟ್ಟೋದ್ರು."

"ಅಷ್ಟ್ ಓದಿದ್ದೂ ದಂಡ. ಕಿಟಕಿಯಿಂದ ಕೈ ಚಾಚಿದ್ರೆ ಗೊತ್ತಾಗ್ತಿತ್ತು."

"ಕೆಡದೆ ಇನ್ನೇನಾಯ್ತದೆ? ಡಬ್ಬದ ಥರ ಬಾಯಿ ತೆರ್ಕೊಂಡೈತೆ. ಅಂಥಾ ದುಬಾರಿ ಸಾಮಾನನ್ನ ಮಳೇಲಿ ನೆನೆಯೋಕೆ ಬಿಟ್ಟೋಗವ್ರೆ! ಮೋಡ ಆದಾಗೆಲ್ಲ ನಾನೇ ಅದ್ರ ಮೇಲೆ ಬಕೆಟ್ ಬೋರಲು ಹಾಕ್ತಿದ್ದೆ, ಬಿಸಿಲು ಬಂದ್ರೆ ತೆಗೀತಿದ್ದೆ."

"ನಿಮಗಿರೋ ಕಾಳಜಿ ಅವರಿಗಿಲ್ವಲ್ಲ ಆಂಟಿ!"

ಟೈಲರ್ ರೆಕ್ಸಿನ್ನಿನಲ್ಲಿ ಹೊಲಿದ ಟೋಪಿಯಂಥ ಚೀಲವೊಂದನ್ನು ಮುಂದಿಟ್ಟ. ಮುನಿತಾಯಮ್ಮ ಅದರ ಹೊಲಿಗೆಯನ್ನು ಎಳೆದು ನೋಡಿದರು.

"ಒಳಗೆ ಒಂದ್ ಹನೀನೂ ಇಳಿಯಲ್ಲ ತಾನೆ?"

"ಇಳಿಯಲ್ಲಮ್ಮ, ಡಬಲ್ ಹೊಲಿಗೆ ಹಾಕಿದೀನಿ."

ಹೊರಗೆ ಹನಿಯಲು ಶುರುವಾಗಿತ್ತು.

"ನಡಿಯೇ ಲತಾ, ಜೋರಾಗೋದ್ರೊಳಗೆ ಹೊಸಾ ಮೆಷಿನ್ನಿಗೆ ಇದನ್ನ ಹೊದಿಸ್ಬೇಕು."

"ನೀವು ನಿಧಾನವಾಗಿ ಬನ್ನಿ ಆಂಟಿ. ಇಲ್ಲಿ ಕೊಡಿ, ನಾನು ಓಡ್ತೀನಿ."