ದಿಬ್ಬಣದ ಗಾಡಿಯ ಬಿಳಿ ಹೊಗೆ

ಹಲೋ... ಹಾಂ, ಹಲೋ, ಯಾರ್ರಿ ಮಾತಾಡೋದು?... ನಾ ಬಾಲರಾಜನೇ ರೀ, ರಂಗಂಪೇಟಿ ಗ್ಯಾರೇಜಿಂದ. ನೀವು ಯಾರಂತ ತಿಳೀಲಿಲ್ಲ...

...ಓ, ಹಣಮೇಶಣ್ಣ! ಸಗರದ ಲಾಲಪ್ಪ ಕಾಕಾನ ಮಗ! ಗುರ್ತಾ ಹತ್ತಲಿಲ್ಲ ನೋಡ್ರಿ, ಬ್ಯಾರೆ ನಂಬರಿಂದ ಹಚ್ಚೀರಿ... ತಡೀರಿ, ಇಲ್ಲಿ ಮಷಿನ್ ಸಪ್ಪಳ. ಜಮಾಲಸಾಬ, ಜರಾ ಬಂದ್ ಮಾಡ್ರಿ ಅದನ್ನ. ಹಾಂ, ಹೇಳ್ರಿ ಅಣ್ಣ.

...ದಿಬ್ಬಣದಾಗ ಅದೀರಿ? ತಂಗಿ ಮದುವಿ... ಹೌದ್ರಿ, ಇವತ್ತ ಅಂತ ಗೊತ್ತಿತ್ತು. ಇಲ್ಲ, ಕಾರ್ಡ್ ಬಂದಿಲ್ಲ, ಹಂಗಾ ಗೊತ್ತಿತ್ತು... ಇರ್ಲಿ ಬಿಡ್ರಿ, ಮದುವಿ ಗದ್ದಲದಾಗ ಮರ್ತಿರ್ತೀರಿ. ಗಾಡಿಗೇನಾತು, ಅದು ಹೇಳ್ರಿ ಮೊದಲ.

...ಹೊಗಿ? ಎಲ್ಲಿಂದ? ಹಿಂದ ಸೈಲೆನ್ಸರಿಂದೋ, ಮುಂದ ಬಾನೆಟ್ಟಿಂದೋ?... ಎರಡೂ ಕಡಿಂದ. ಬಣ್ಣ?... ಬಿಳಿ. ಇಂಜಿನ್ ಕಾವಿನ ಮುಳ್ಳು ಕೆಂಪಿಗೆ ಹೋಗಿತ್ತು, ಹಾಂ, ಹೋಗಿರ್ಬೇಕು. ಎಲ್ಲಿ ನಿಂತೀರಿ?... ಭೀಮಾ ಬ್ರಿಜ್ಜಿನ ಈಚಿ ಕಡಿ. ಅಂದ್ರ ಯಾದಗಿರಿ ಕಣ್ಣಿಗೆ ಕಾಣಾಕತ್ತೈತಿ. ನಿಂತು ಎಷ್ಟೊತ್ತಾತು?... ಅರ್ಧ ತಾಸು. ಮುಹೂರ್ತದ ಅಕ್ಕಿಕಾಳು ಬೀಳೋದು ಯಾವಾಗ?... ಮಧ್ಯಾಹ್ನಕ್ಕ. ಹೂಂ.

...ಮತ್ತ ಮದಲಗಿತ್ತಿನ್ನ ಬ್ಯಾರೆ ಗಾಡ್ಯಾಗ ಕಳಿಸ್ರಲ್ಲ... ಯಾಕ ಬ್ಯಾಡ?... ದುರಗಮ್ಮತ್ತಿ ಒಲ್ಲೆ ಅಂತಾಳ? ಉಡಿ ತುಂಬಿ ಹತ್ತಿಸಿದ ಗಾಡಿ ನಡುದಾರ್ಯಾಗ ಬದಲಸಬಾರದು ಅಂತಾಳ? ಮತ್ತ ಇದು ಏಳಲಿಲ್ಲಂದ್ರ?... ದೇವಿ ಬ್ಯಾಡ ಅಂದಂಗ, ಹೊಳ್ಳಿ ಮನಿಗೆ... ಲಾಲಪ್ಪ ಕಾಕಾನೂ ಹೂಂ ಅಂತಾನ?

...ಅಂದ್ರ ಗಾಡಿ ಎದ್ರ ಮದುವಿ ಐತಿ, ಏಳದಿದ್ರ ಇಲ್ಲ. ಹಂಗೇನು ಅಣ್ಣ?...

...ಇಲ್ರಿ, ಅದೀನಿ. ಕೇಳಾಕತ್ತೇನಿ. ನಾ ಇಲ್ಲಿಂದ ಬಂದು ಮುಟ್ಟೂದ್ರಾಗ ನಿಮ್ಮ ಹೊತ್ತು ಮೀರ್ತೈತಿ. ಫೋನಿನ್ಯಾಗಾ ನೋಡೂಣು. ಗಾಡಿ ಮುಂದ ಏನರ ಕಟ್ಟೀರೇನು?... ಹೂವಿನ ಜಾಲರಿ. ಅದರ ಮ್ಯಾಲ ಫ್ಲೆಕ್ಸ್? ಮುಂದಿನ ಜಾಳಿ ಪೂರಾ ಮುಚ್ಚಿ?... ಅಯ್ಯ ಅಣ್ಣ, ರೇಡಿಯೇಟರಿಗೆ ಗಾಳಿ ಎಲ್ಲಿಂದ ಬರಬೇಕ್ರಿ? ಮಾರಿಗೆ ಕಂಬಳಿ ಕಟ್ಟಿ ಓಡು ಅಂದಂಗಾತು. ಹರೀರಿ ಅದನ್ನ... ಏನು ಬರ್ಸೀರಿ ಅದರಾಗ?... ಭಾಗ್ಯ, ನೀಲಕಂಠ... ಸಾಕ್ರಿ, ಪೂರಾ ಓದಬ್ಯಾಡ್ರಿ. ಶಕುನ ಆಗೂದಿಲ್ಲಂದ್ರ ಹರೀಬ್ಯಾಡ್ರಿ, ಬಿಚ್ಚಿ ಮಡಚಿ ಇಡ್ರಿ. ಆದ್ರ ತಗೀರಿ.

...ತಗದ್ರಿ? ಈಗ ಆಯಿಲ್ ನೋಡೋ ಕಡ್ಡಿ ಎಳೀರಿ. ಒರಸ್ರಿ, ಮತ್ತ ಹಾಕಿ ತಗೀರಿ. ಹಾಲು ಹಾಕಿದ ಚಾದಂಗ ಕಂಡ್ರ ಹೆಡ್ ಗ್ಯಾಸ್ಕೆಟ್ ಹೋಗೈತಂತ ತಿಳೀರಿ. ನೀರು ಇಂಜಿನ್ ಒಳಗ ಇಳದಿರ್ತೈತಿ, ಗಾಡಿ ಇವತ್ತ ಏಳೂದಿಲ್ಲ... ನೋಡ್ರಿ. ಸಾವಕಾಶ ನೋಡ್ರಿ.

...ಕರ್ರಗೈತಿ? ಬರೇ ಕರ್ರಗ? ಬಿಳಿ ಏನೂ ಇಲ್ಲ?... ಇನ್ನೊಮ್ಮೆ ನೋಡ್ರಿ... ಆತು. ಚಲೋ ಆತು... ಚಲೋ ಆತು ಅಂದೆ ಅಣ್ಣ, ಕೇಳಿಸ್ತಿಲ್ಲೇನು?

...ರೇಡಿಯೇಟರ್ ಮುಚ್ಚಳಿ ಮುಟ್ರಿ, ಸುಡ್ತೈತೇನು?... ಸ್ವಲ್ಪ. ಒದ್ದಿ ಚೀಲ ಹಾಕಿ ತಿರುವ್ರಿ, ಮಾರಿ ದೂರ ಇಟ್ಟು. ನೀರು ಒಮ್ಮೆಲೆ ಸುರೀಬ್ಯಾಡ್ರಿ, ಕಾದ ಇಂಜಿನ್ ಸೀಳ್ತೈತಿ. ಒಂದೊಂದ ಚರಗಿ... ಹಾಂ... ಹಾಂ... ತುಂಬ್ತು? ಮುಚ್ರಿ. ಈಗ ನೀವು ಒಳಗ ಕುಂತು ಚಾಲೂ ಮಾಡಿ ಎಕ್ಸಲೇಟರ್ ತುಳೀತಿರ್ರಿ. ಸೈಲೆನ್ಸರ್ ಹಿಂದ ಒಬ್ಬರು ನಿಂತು ಹೊಗಿ ನೋಡಿ ನನಗ ಹೇಳಬೇಕು. ಫೋನ್ ಅವರ ಕೈಯಾಗ ಕೊಡ್ರಿ... ಗಂಡಸರೆಲ್ಲ ಬಸ್ಸಿನ್ಯಾಗ ಮುಂದ ಹೋಗ್ಯಾರ? ಕಾಕಾಗ ಕಣ್ಣು ಮಂಜು... ಯಾರಿದ್ರ ಅವರಿಗೆ ಕೊಡ್ರಿ, ಜಲ್ದಿ.

...ಹಲೋ. ಯಾರು?

...ಭಾಗ್ಯಾ.

...ಏನಿಲ್ಲ. ಉಸುರು ಬಿಟ್ಟೆ, ಅಷ್ಟ. ಮದಲಗಿತ್ತಿನ್ನ ತಂದು ಸೈಲೆನ್ಸರ್ ಹಿಂದ ನಿಲ್ಲಿಸ್ಯಾರಲ್ಲ ನಿಮ್ಮವರು! ಸೆರಗು ಮೂಗಿಗೆ ಹಿಡಕೋ, ಹೊಗಿ ಕುಡೀಬ್ಯಾಡ... ಅರಿಷಿಣ ಸೀರಿ ಉಟ್ಟೀ ಅಲ್ಲ? ಹೊಲಸಾಗ್ತೈತಿ, ಜರಾ ಹಿಂದ ಸರಿ.

...ನೆನಪಿಲ್ಲದ ಏನು. ಕರಿ ಹೊಗಿ ಬಂದ್ರ ಡೀಸೆಲ್ ಹೆಚ್ಚಾಗೈತಿ, ನೀಲಿ ಬಂದ್ರ ಆಯಿಲ್ ಸುಡಾಕತ್ತೈತಿ, ಬಿಳಿ ಬಂದು ನಿಲ್ಲದಿದ್ರ, ಸಿಹಿ ವಾಸನಿ ಹೊಡದ್ರ, ಗ್ಯಾಸ್ಕೆಟ್ ಹೋಗೈತಿ. ನಾನಾ ಕಲಿಸಿದ್ದು. ನಿಮ್ಮಣ್ಣ ಪ್ಯಾಟ್ಯಾಗ ತಿರುಗಿ ಬರೂ ತನಕ ಆ ಮುರುಕು ಸ್ಟೂಲಿನ ಮ್ಯಾಲ ಕುಂತು ಎಲ್ಲಾ ಕೇಳ್ತಿದ್ದಿ. ಗಾಡಿಗೆ ಏನೂ ಆಗಿರಲಿಲ್ಲ ಎಷ್ಟೋ ಸಲ, ಆದ್ರೂ ಬರ್ತಿದ್ದಿ... ಬ್ಯಾಡ, ಈಗ ಬ್ಯಾಡ ಅದೆಲ್ಲ. ಹೇಳು, ಏನು ಬರಾಕತ್ತೈತಿ?

...ಬಿಳಿ. ಮೊದಲ ಬರ್ತೈತಿ, ಪೈಪಿನ್ಯಾಗಿನ ತ್ಯಾವ ಅದು. ನೋಡ್ತಿರು...

...ಇನ್ನೂ ಬಿಳಿ? ದಪ್ಪ?... ವಾಸನಿ ಹ್ಯಾಂಗೈತಿ?... ಸಿಹಿ ವಾಸನಿ.

...ಭಾಗ್ಯಾ, ಸಿಹಿ ವಾಸನಿ ಬರೂದು ರೇಡಿಯೇಟರಿಗೆ ನೀರಿನ ಬದ್ಲಿ ಕೂಲಂಟ್ ಹಾಕಿದ ಗಾಡಿಗೆ. ನಿಮ್ಮ ಗಾಡ್ಯಾಗ ನಿಮ್ಮಪ್ಪ ಎಂದೂ ಕೂಲಂಟ್ ಹಾಕಿಸಿಲ್ಲ, ಬಾವಿ ನೀರಾ ಹಾಕ್ತಾನ. ಬಾವಿ ನೀರು ಸುಟ್ರ ಸಿಹಿ ವಾಸನಿ ಎಲ್ಲಿಂದ ಬರ್ತೈತಿ?... ಇಂಜಿನ್ ಸಪ್ಪಳ ನನಗೂ ಕೇಳಾಕತ್ತೈತಿ, ಒಂದಾ ಸಮ ಐತಿ. ಹೊಗಿ ನಿಂತೈತಿ, ಹೌದಿಲ್ಲ? ಖರೇ ಹೇಳು.

...ಅಳಬ್ಯಾಡ. ನಿಮ್ಮಣ್ಣ ಕನ್ನಡ್ಯಾಗ ನೋಡ್ತಾನ... ನಾ ಹೇಳ್ಲಿ ಅಂತಿ? ಗ್ಯಾಸ್ಕೆಟ್ ಹೋಗೈತಿ ಅಂತ?... ಹೂಂ, ನಂಬ್ತಾನ. ನನ್ನ ಮಾತು ನಂಬ್ತಾನ ಅವ. ನೀವು ಹೊಳ್ಳಿ ಸಗರಕ್ಕ ಹೋಗ್ತೀರಿ. ಆಮ್ಯಾಲ?... ಆಮ್ಯಾಲ ಏನು, ಹೇಳು. ಮುಂದಿನ ತಿಂಗಳ ಇನ್ನೊಂದು ಮುಹೂರ್ತ ತಗೀತಾರ. ಅವತ್ತೂ ಗಾಡಿ ಕೆಡಸ್ಲೇನು ನಾನು?

...ನನಗ ಆಶಾ ಇಲ್ಲಂತ ತಿಳಕೊಂಡೇನು? ಕಡ್ಡಿ ಎಳೀರಿ ಅಂದಾಗ, ಹಾಲು ಹಾಕಿದ ಚಾದಂಗ ಇರ್ಲಿ, ಇರ್ಲಿ ಅಂತ ಬೇಡಕೊಂಡೇನಿ ನಾನು. ಒಬ್ಬರ ಗಾಡಿ ಕೆಡ್ಲಿ ಅಂತ ಮೆಕ್ಯಾನಿಕ್ ಬೇಡಕೊಳ್ಳೂದು! ಥೂ...

...ಬೈಯಾಕತ್ತಿಲ್ಲ. ಆದ್ರ ಎಷ್ಟು ಸಲ ಅಂದೇನಿ ನಿನಗ? ನಮ್ಮ ಈಶಪ್ಪ ಕಾಕಾನ್ನ ಕರಕೊಂಡು ಬರ್ತೀನಿ, ಬಾಯಿಬಿಟ್ಟು ಕೇಳ್ತೀವಿ ಅಂತ. ನೀನಾ ಬ್ಯಾಡ ಅಂದಿ. ನಿಮ್ಮ ಓಣಿ ಹೆಸರು ಕೇಳಿದ್ರ ನಮ್ಮಪ್ಪ ಎದಿ ಹಿಡಕೊಂಡು ಬೀಳ್ತಾನ ಅಂದಿ. ಸುಮ್ಮನಾದೆ. ಸುಮ್ಮನಾದದ್ದು ನಿನ್ನ ಸಲುವಾಗಿ. ನಿನ್ನ ಬಾಯಾಗ ಬರಲಾರದ್ದನ್ನ ಈಗ ಗಾಡಿ ಕಡಿಂದ ಆಡಸಬ್ಯಾಡ ಭಾಗ್ಯಾ. ನನ್ನ ಕಡಿಂದನೂ ಬ್ಯಾಡ.

...ಈಗ್ಲೂ ಹೊತ್ತೈತಿ, ಕೇಳು. ನಿಮ್ಮಪ್ಪ ಅಲ್ಲೇ ಅದಾನಲ್ಲ, ಅವನ ಮುಂದ ಹೋಗಿ ನಿಂದರು. ನಾ ಒಲ್ಲೆ ಅನ್ನು. ಅಷ್ಟಾ ಅನ್ನು. ಫೋನ್ ಇಡೂದ್ರಾಗ ಬೈಕ್ ಹತ್ತಿ ಬರ್ತೀನಿ. ಹೊಡದ್ರ ಹೊಡಿಸಿಕೊಳ್ತೀನಿ... ಅಂತೀ ಏನು?

...ಭಾಗ್ಯಾ? ಅಂತೀ ಏನು?

...

...ಹಾಂ. ಕೇಳಿಸ್ತು. ಹೊಗಿ ನಿಂತೈತಿ ಅಣ್ಣಾ ಅಂತ ನೀ ಕೂಗಿದ್ದು ಇಲ್ಲೀ ತನಕ ಕೇಳಿಸ್ತು.

...ಸಿಟ್ಟಿಲ್ಲ. ಎದಿ ಒಡದು ಕುಂತೈತಿ, ಸಿಟ್ಟು ಎಲ್ಲಿಂದ ಬರಬೇಕು... ಇಲ್ಲ, ಅಳಾಕತ್ತಿಲ್ಲ. ಇಲ್ಲಿ ಜಮಾಲಸಾಬ ಅದಾನ.

...ಈಗ ಲಕ್ಷ್ಯ ಇಟ್ಟು ಕೇಳು, ಅಣ್ಣಗ ಹೇಳು. ಎ.ಸಿ. ಬಂದ್. ಹೀಟರ್ ಹಾಕ್ರಿ, ಪೂರಾ... ಹೂಂ, ಈ ಬಿಸಿಲಾಗ ಹೀಟರೇ. ಇಂಜಿನ್ ಕಾವು ಅದು ಒಳಗ ಎಳಕೊಳ್ತೈತಿ. ಯಾದಗಿರಿ ಮುಟ್ಟೂ ತನಕ ಆರಿಸಬ್ಯಾಡ್ರಿ, ಯಾರು ಎಷ್ಟು ಬೈದ್ರೂ. ನೀ ಮುಂದಿನ ಸೀಟಿನ್ಯಾಗ ಕೂಡು... ಯಾಕಂದ್ರ, ಬಿಸಿ ಗಾಳಿ ನೆಟ್ಟಗ ಮಾರಿಗೆ ಹೊಡೀತೈತಿ. ಕಣ್ಣಾಗ ನೀರು ಬಂದ್ರ ಯಾರೂ ಯಾಕಂತ ಕೇಳೂದಿಲ್ಲ. ಅಲ್ಲೀ ತನಕ ಎಷ್ಟು ಬೇಕೋ ಅಷ್ಟು ಅತ್ತು ಮುಗಿಸು, ಆಮ್ಯಾಲ ಇಳಿ... ಹಾಂ?... ಬಾಗಲಾ ಹಾಕಿದ್ರೇನು? ಭಾಗ್ಯಾ... ಹೊಂಟ್ರೇನು?... ಹಲೋ?... ಹಲೋ...