ಹನ್ನೊಂದನೆಯ ಹಾಳೆ

“ರೀ, ನೀವು ಮಲಗಿ. ನನಗಿನ್ನೂ ಇಬ್ಬರಿಗೆ ಫೋನ್ ಮಾಡೋದಿದೆ.”

ಬಡಗಿಗೆ ಅವನ ಹೆಂಡತಿ ಹೇಳಿದ ಕೊನೆಯ ಮಾತು ಅದು. ಆಫೀಸಿನಿಂದ, ಫೋನಿನಲ್ಲಿ. ಅವನು ಮಲಗಿದ. ಬೆಳಿಗ್ಗೆ ಬಾಮೈದ ಬಂದು ಬಾಗಿಲಲ್ಲಿ ನಿಂತ. ಅವಳಿಲ್ಲವೆಂದು ಬಡಗಿಗೆ ಗೊತ್ತಾಯಿತು.

ಇದು ನಮ್ಮ ಪಕ್ಕದ ಮನೆಯಲ್ಲಿ ಆದದ್ದು. ಅವನೇ ಹೇಳಿದ್ದು. ಸುಳ್ಳು ಹೇಳುವಷ್ಟು ಮಾತು ಅವನಿಗೆ ಬರುವುದಿಲ್ಲ.

ಕಂಪನಿ ಬಾಮೈದನದು. ಕಂಪ್ಯೂಟರ್ ಕೆಲಸ ಬಲ್ಲವರನ್ನು ಹುಡುಕಿ ದೊಡ್ಡ ಕಂಪನಿಗಳಿಗೆ ಒದಗಿಸುವುದು. ಅಕ್ಕ ತಮ್ಮ ಸೇರಿ ಬೀಗದ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದು ಶುರು ಮಾಡಿದರು. ಮೊದಲ ಮೇಜು ಬಡಗಿಯೇ ಮಾಡಿದ, ಹಳೆಯ ಬಾಗಿಲೊಂದರ ಹಲಗೆಯಿಂದ. ಆಮೇಲೆ ನಾಲ್ಕು ಮಾಡಿದ. ಆಮೇಲೆ ಹನ್ನೆರಡು. ಎರಡನೆಯ ಮಹಡಿ ಹಿಡಿದಾಗ ನಲವತ್ತು ಬೇಕು ಅಂದರು. ಮರ ನೋಡಲು ಹೊರಟಿದ್ದ, ಅಷ್ಟರಲ್ಲಿ ಲಾರಿಯಲ್ಲಿ ಗಾಜಿನ ಮೇಜುಗಳು ಬಂದವು. “ನಿಮಗ್ಯಾಕೆ ತೊಂದರೆ ಭಾವ” ಅಂದ ಬಾಮೈದ.

ಹೆಂಡತಿಯೂ ಹಾಗೇ ಹೋದಳು, ಒಂದೊಂದೇ ಮಹಡಿಯಾಗಿ. ಮೊದಲು ಶನಿವಾರ ಹೋಯಿತು. ಆಮೇಲೆ ಸಂಜೆ. ಆಮೇಲೆ ರಾತ್ರಿ. ಕೆಲಸ ಕೊಡುವವರು ಸಮುದ್ರದ ಆಚೆ ಇರುವವರು, ಅವರಿಗೆ ಬೆಳಗಾದಾಗ ಇಲ್ಲಿ ಕತ್ತಲು.

ಅವಳದೊಂದು ಪದ್ಧತಿ ಇತ್ತು. ನಾಳೆ ಇಂಟರ್‌ವ್ಯೂ ಇರುವವರಿಗೆ ಹಿಂದಿನ ರಾತ್ರಿ ತಾನೇ ಫೋನ್ ಮಾಡುವಳು. ಪ್ರಶ್ನೆ ಕೇಳಿ, ಗದರಿಸಿ, ತಿದ್ದಿ, ಕೊನೆಗೆ ನಗಿಸಿ ಬಿಡುವಳು. ರಾತ್ರಿಗೆ ಹತ್ತು ಜನ, ತಲೆಗೆ ಹತ್ತು ನಿಮಿಷ. ಮಾತು ಮುಗಿದವರ ವಿವರದ ಹಾಳೆಯನ್ನು ಬೋರಲು ಹಾಕುವಳು. ಗುರುತಿಲ್ಲದವರಿಗೆ ಹತ್ತು ನಿಮಿಷ, ಗಂಡನಿಗೆ ಒಂದು ಮಾತು. ಬಡಗಿ ಬಾಯಿಬಿಟ್ಟು ಹೇಳಿದವನಲ್ಲ. ಒಳಗೇ ಉರಿಯುತ್ತಿದ್ದ.

ಅವಳು ಹೋಗಿ ನಾಲ್ಕು ತಿಂಗಳಾಗಿತ್ತು. ಅವನು ಅಲ್ಲಿಂದೀಚೆಗೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಒಂದು ಸಂಜೆ ಯಾರೋ ಹೆಂಗಸು ಬಾಗಿಲು ತಟ್ಟಿದಳು.

“ಮೇಡಂ ಇದ್ದಾರಾ?”

“ಯಾಕಮ್ಮಾ?”

“ನಂಗೆ ಕೆಲಸ ಸಿಕ್ತು. ಆರು ವರ್ಷ ಮನೇಲಿ ಕೂತಿದ್ದೆ, ನನ್ನನ್ಯಾರು ಕೇಳ್ತಾರೆ ಅಂದ್ಕೊಂಡಿದ್ದೆ. ಮೊನ್ನೆ ರಾತ್ರಿ ಮೇಡಂ ಫೋನ್ ಮಾಡಿ ಧೈರ್ಯ ತುಂಬಿದ್ರು ನೋಡಿ...”

“ಮೊನ್ನೆ?”

“ಹೂಂ. ಗುರುವಾರ.”

ಅಷ್ಟರಲ್ಲಿ ಅವಳ ಕಣ್ಣು ಗೋಡೆಯ ಫೋಟೋದ ಮೇಲೆ ಬಿತ್ತು. ಕೆಳಗೆ ಎರಡು ತಾರೀಕು. ಓದಿದಳು... ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು.

ಬಡಗಿ ನೆಟ್ಟಗೆ ಬಾಮೈದನ ಮನೆಗೆ ಹೋದ.

“ಹಾಳೆ ಹಂಚೋ ಪಟ್ಟಿಯಿಂದ ಅಕ್ಕನ ಹೆಸರು ತೆಗೆಯೋದು ಮರೆತೇಹೋಗಿತ್ತು ಭಾವ” ಅಂದ ಅವನು, ಪಿಸುದನಿಯಲ್ಲಿ. “ಅವಳ ಪಾಲಿನ ಹತ್ತು ಹಾಳೆ ದಿನಾ ಸಂಜೆ ಅವಳ ಮೇಜಿಗೆ ಹೋಗ್ತಾನೇ ಇತ್ತು. ಬೆಳಿಗ್ಗೆ ನೋಡಿದ್ರೆ... ಎಲ್ಲಾ ಬೋರಲು. ಆ ಹತ್ತು ಜನಕ್ಕೂ ಕೆಲಸ ಸಿಗ್ತಿತ್ತು.”

“ಈಗಲಾದ್ರೂ ತೆಗೆದೆಯಾ ಹೆಸರನ್ನ?”

ಬಾಮೈದ ನೆಲ ನೋಡಿದ. “ಮೂರನೇ ಮಹಡಿ ತಗೊಂಡ್ವಲ್ಲ ಭಾವ...”

ಬಡಗಿಗೆ ಭಯ ಆಗಲಿಲ್ಲ. ಸತ್ತ ಮೇಲಾದರೂ ಮನೆಗೆ ಬರಬಾರದಿತ್ತೇ? ದಾರಿ ಗೊತ್ತಿಲ್ಲವೇ? ದಿನಾ ಬಾಗಿಲ ಚಿಲಕ ಹಾಕದೆ ಮಲಗಿದವನು ಅವನು. ಅವಳ ದನಿ ಊರವರಿಗೆಲ್ಲ ಸಿಗುತ್ತಿದೆ, ತನಗೊಬ್ಬನಿಗೆ ಇಲ್ಲ.

ಮೂರು ದಿನ ಕೂತು ಒಂದು ಹಾಳೆ ಬರೆದ. ಮಿಕ್ಕವರು ಬರೆಯುವ ಹಾಗೆಯೇ. ಹೆಸರು. ಕೆಲಸ, ಬಡಗಿ. ಅನುಭವ, ಮೂವತ್ತೊಂದು ವರ್ಷ. ಫೋನ್ ನಂಬರು.

ರಾತ್ರಿ ಹತ್ತೂವರೆಗೆ ಹೊರಟ. ಆಫೀಸಿಗೆ ಮೊದಲು ಒಂದು ಹಾಳು ಬಾವಿ, ಮೇಲೆ ಕಬ್ಬಿಣದ ಜಾಲರಿ. ದಾಟುವಾಗ ಒಳಗೆ... ಟೊಳಕ್. ಒಂದೇ ಸಲ. ಗೇಟಿನಲ್ಲಿ ಕಾವಲುಗಾರ ಟಾರ್ಚ್ ಬಿಟ್ಟ.

“ಇಷ್ಟೊತ್ತಲ್ಲಿ ಯಾಕಣ್ಣ?”

“ಒಂದು ಹಾಳೆ ಇಡಬೇಕು.”

“ನೀವು ಹೋಗಿ. ನಾನು ಮೇಲೆ ಬರಲ್ಲ.”

“ಹೆದರಿಕೆಯಾ?”

“ಹೆದರಿಕೆ ಅಲ್ಲ... ಕೆಲಸ ಮಾಡೋರಿಗೆ ಯಾಕೆ ತೊಂದರೆ ಕೊಡೋದು.”

ಮೇಲೆ ಗಾಜಿನ ಮೇಜುಗಳ ಸಾಲು. ಮೂಲೆಯಲ್ಲಿ ಒಂದೇ ಒಂದು ಮರದ ಮೇಜು. ಅವನು ಮಾಡಿದ ಮೊದಲನೆಯದು. ಅವಳು ಬದಲಾಯಿಸಲು ಬಿಟ್ಟಿರಲಿಲ್ಲ. ಅದು ಅವನಿಗೆ ಅವತ್ತೇ ಗೊತ್ತಾದದ್ದು. ಹತ್ತು ಹಾಳೆ ಇದ್ದವು. ಬಡಗಿ ತನ್ನದನ್ನು ಎಲ್ಲಕ್ಕಿಂತ ಮೇಲಿಟ್ಟ. ಸರದಿ ಗಿರದಿ ಏನೂ ಬೇಡ, ತಾನು ಗಂಡ.

ಮೆಟ್ಟಿಲಿಳಿಯುವಾಗ ಹಿಂದೆ ಸದ್ದು. ಕುರ್ಚಿ ಎಳೆದದ್ದು... ಕಿರ್ರ್. ಹಾಳೆ ಸರಿಸಿದ್ದು... ಸರ್... ಸರ್... ಅವನು ತಿರುಗಲಿಲ್ಲ.

ಬಾವಿಕಟ್ಟೆಯ ಮೇಲೆ ಕೂತ. ಫೋನು ಅಂಗೈಯಲ್ಲಿ. ಹನ್ನೊಂದಾಯಿತು. ಹನ್ನೆರಡಾಯಿತು. ಒಂದೂ ಆಯಿತು. ಹತ್ತೂ ಜನರನ್ನು ಮುಗಿಸುತ್ತಿದ್ದಾಳೆ, ತನ್ನನ್ನು ಕೆಳಗೆ ಹಾಕಿದ್ದಾಳೆ... ಅನ್ನಿಸಿ ಹಲ್ಲು ಕಡಿದ.

ಎರಡು ಗಂಟೆಗೆ ಫೋನು ಗುರ್ರ್ ಅಂತ ನಡುಗಿತು.

“ಹಲೋ... ಕೇಳಿಸ್ತಿದೆಯಾ ಸರ್?”

ಅವಳದೇ ದನಿ. ಸರ್ ಅಂದಳು.

“ಕೇಳಿಸ್ತಿದೆ.”

“ಈಗ ಕೆಲಸದಲ್ಲಿ ಇದೀರಾ?”

“ಇಲ್ಲ.”

“ಎಷ್ಟು ದಿನದಿಂದ?”

“ನೀನು ಹೋದಾಗಿಂದ.”

ಆ ಕಡೆ ಪೆನ್ನಿನ ಗುಂಡಿ ಒತ್ತುವ ಸದ್ದು. ಟಿಕ್. ಟಿಕ್.

“ಯಾರಾದ್ರೂ ಕೇಳಿದ್ರೆ ಹಾಗನ್ನಬೇಡಿ ಸರ್. ಮನೇಲಿ ತೊಂದರೆ ಇತ್ತು, ಈಗ ಸರಿಹೋಯ್ತು ಅನ್ನಿ.”

“ಸರಿಹೋಗಿಲ್ಲ ಕಣೇ.”

“ಅನ್ನಿ, ಸರ್.”

“...ಸರಿಹೋಯ್ತು.”

“ಹಾಂ, ಹಾಗೆ. ಬೆಳಿಗ್ಗೆ ಒಂಬತ್ತಕ್ಕೆ ನೀರಿನ ಟ್ಯಾಂಕಿನ ಹಿಂದಿನ ರಸ್ತೆ, ಹಸಿರು ಗೇಟು. ಗಡ್ಡ ತೆಗೆದು ಹೋಗಿ.”

“ಒಂದು ಸಲ ಮನೆಗೆ ಬಂದು—”

ಟಕ್. ಕಟ್ಟಾಯಿತು.

ಫೋನಿನ ಮೇಲೆ ನೋಡಿದ. ನಾಲ್ಕು ನಿಮಿಷ. ಎಲ್ಲರಿಗೂ ಹತ್ತು, ಅವನಿಗೆ ನಾಲ್ಕು. ಮನೆಗೆ ನಡೆದು ಬಂದು ಬೆಳಗಿನ ತನಕ ಗೋಡೆಗೆ ಒರಗಿ ಕೂತಿದ್ದ.

ಆದರೂ ಗಡ್ಡ ತೆಗೆದ. ಚೀಲ ಹೆಗಲಿಗೇರಿಸಿದ. ಹಸಿರು ಗೇಟು ಇತ್ತು. ಕೆಲಸದಿಂದ ನಿವೃತ್ತಳಾದ ಟೀಚರೊಬ್ಬಳು ಬಾಗಿಲು ತೆಗೆದಳು. ಅವನ ಎದುರು ಬಂದವಳು, ಸುತ್ತಿ ಬಂದು ಅವನ ಬಲಕ್ಕೆ ನಿಂತಳು.

“ಪುಸ್ತಕದ ಕಪಾಟು ಮಾಡಬೇಕು. ಈ ಕಡೆ ನಿಂತ್ರೆ ಕೇಳಿಸುತ್ತೆ ಅಲ್ವಾ? ಎಡಗಿವಿ ಮಂದ ಅಂದ್ರು ನಿಮ್ಮ ಆಫೀಸಿನೋರು. ರಾತ್ರಿ ಫೋನ್ ಮಾಡಿದ್ರಲ್ಲ.”

ಎಡಗಿವಿ ಮಂದವೇ. ಹಲಗೆ ಕೊಯ್ಯುವ ಯಂತ್ರದ ಗದ್ದಲಕ್ಕೆ ಹೋದದ್ದು. ಕೆಲಸ ತಪ್ಪೀತೆಂದು ಯಾರಿಗೂ ಹೇಳಿದವನಲ್ಲ, ಹೆಂಡತಿಯೊಬ್ಬಳಿಗೆ ಬಿಟ್ಟು. ಬಾಮೈದನಿಗೂ ತಿಳಿಯದು. ಹಾಳೆಯಲ್ಲೂ ಬರೆದಿರಲಿಲ್ಲ.

ಬಡಗಿ ಕೇಳಿದ್ದು ಬೇರೆಯೇ.

“ನಿಮ್ಮ ಹತ್ರ ಎಷ್ಟು ಹೊತ್ತು ಮಾತಾಡಿದ್ರು?”

“ಅಯ್ಯೋ, ಅರ್ಧ ಗಂಟೆ ಬಿಡಲಿಲ್ಲ ಕಣಪ್ಪಾ. ಬರೀ ನಿಮ್ಮ ವಿಷಯಾನೇ.”

ಆ ಕಪಾಟು ಇವತ್ತೂ ಆ ಮನೆಯಲ್ಲಿದೆ. ನಂಬದಿದ್ದರೆ ಹೋಗಿ ಕೇಳಿ, ಟೀಚರು ಇನ್ನೂ ಇದ್ದಾರೆ. ಬಡಗಿ ಅಳತೆ ಟೇಪು ತೆಗೆದ. ಗೋಡೆ ಅಳೆದ. ಏಳಡಿ ಎರಡಿಂಚು ಅಂತ ಪೆನ್ಸಿಲಿನಲ್ಲಿ ಗೋಡೆಯ ಮೇಲೆ ಬರೆದುಕೊಂಡ.